ಕ್ವಿಕ್ ಹಿಚ್ ತಂದಾಯಿತು, ರೋಟಾವೇಟರ್ ಕೂರುತ್ತಿಲ್ಲ! ಏನು ಮಾಡಬೇಕು?

[ದೃಶ್ಯ: ಟ್ರ್ಯಾಕ್ಟರ್ ನಿಧಾನವಾಗಿ ಹಿಂದಕ್ಕೆ ಬರುತ್ತದೆ. ಹಿಚ್ಚಿನ ಮೇಲಿನ ಕೊಕ್ಕೆ ರೋಟಾವೇಟರಿನ ಕಬ್ಬಿಣದ ಪಟ್ಟಿಗೆ ಬಡಿದು 'ಠಣ್' ಅನ್ನುತ್ತದೆ.]

ಕೇಳಿಸಿತಲ್ಲ ಆ 'ಠಣ್'? ಇವತ್ತಿನ ವಿಡಿಯೋ ಪೂರ್ತಿ ಅದರ ಬಗ್ಗೆಯೇ.

ನಮಸ್ಕಾರ. ಟ್ರ್ಯಾಕ್ಟರಿನ ಹಿಂದೆ ರೋಟಾವೇಟರಿನಂಥ ಉಪಕರಣ ಕಟ್ಟುವ ಕಷ್ಟ ನಿಮಗೆ ಗೊತ್ತೇ ಇದೆ. ಎಡಗಡೆ ಪಿನ್ ಕೂತರೆ ಬಲಗಡೆ ಒಂದು ಇಂಚು ಆಚೆ. ಹಾರೆ ಹಾಕಿ ಮೀಟಬೇಕು, ಕಾಲಲ್ಲಿ ಒದೆಯಬೇಕು, ಹತ್ತಿ ಇಳಿದು ಸಾಕಾಗಬೇಕು. ಇದೆಲ್ಲ ತಪ್ಪಲಿ ಅಂತ ಕ್ವಿಕ್ ಹಿಚ್ ತರುತ್ತೇವೆ, ಅಂದರೆ ಟ್ರ್ಯಾಕ್ಟರಿನ ಹಿಂದೆ ಕೂರಿಸಿ ಉಪಕರಣವನ್ನು ಸಿಕ್ಕಿಸಿಕೊಳ್ಳುವ ಮೂರು ಕೊಕ್ಕೆಯ ಚೌಕಟ್ಟು. ತಂದ ಮೇಲೆ ನೋಡಿದರೆ ಇರುವ ಐದು ಉಪಕರಣಗಳಲ್ಲಿ ಸರಿಯಾಗಿ ಕೂರುವುದು ಎರಡೇ.

ಹಿಚ್ ಕೆಟ್ಟದ್ದು ಅಂತ ಬೈಯಬೇಡಿ. ಹ್ಯಾರಿ ಫರ್ಗ್ಯೂಸನ್ ಅನ್ನುವ ಎಂಜಿನಿಯರ್ ರೂಪಿಸಿದ ಮೂರು ಕೊಂಡಿಯ ವ್ಯವಸ್ಥೆ 1939ರಲ್ಲಿ ಬಂದ ಫೋರ್ಡ್ 9ಎನ್ ಟ್ರ್ಯಾಕ್ಟರಿನಿಂದ ಹೆಸರಾಯಿತು. ಇವತ್ತಿಗೂ ನಮ್ಮ ಟ್ರ್ಯಾಕ್ಟರುಗಳ ಹಿಂದೆ ಇರುವುದು ಅದೇ ಮಾದರಿ. ಅದರ ಗುಣ ಏನೆಂದರೆ, ಅದು ಹೊಂದಿಕೊಳ್ಳುತ್ತದೆ. ಕೆಳಗಿನ ಲಿಂಕ್‌ಗಳು ಅತ್ತಿತ್ತ ಆಡುತ್ತವೆ. ಟಾಪ್ ಲಿಂಕನ್ನು, ಅಂದರೆ ಮೇಲಿನ ಕೊಂಡಿಯನ್ನು, ತಿರುಗಿಸಿ ಉದ್ದ ಗಿಡ್ಡ ಮಾಡಬಹುದು. ಉಪಕರಣದ ಅಳತೆ ಸ್ವಲ್ಪ ಹೆಚ್ಚುಕಡಿಮೆ ಇದ್ದರೂ ನಡೆಯುತ್ತದೆ. ಕ್ವಿಕ್ ಹಿಚ್ ಹಾಗಲ್ಲ. ಅದೊಂದು ಗಟ್ಟಿ ಚೌಕಟ್ಟು. ಕಟ್ಟುವಾಗ ಮೂರು ಕೊಕ್ಕೆಗಳೂ ಇದ್ದಲ್ಲೇ ಇರುತ್ತವೆ. ಹೊಂದಿಕೊಳ್ಳಬೇಕಾದ್ದು ಉಪಕರಣವೇ.

[ದೃಶ್ಯ: ನೆಲದ ಮೇಲೆ ಪ್ಲೈವುಡ್ ಹಲಗೆ, ಟೇಪು, ಸೀಮೆಸುಣ್ಣ.]

ಅದಕ್ಕೇ ವೆಲ್ಡಿಂಗ್ ಮೆಷಿನ್ ಮುಟ್ಟುವ ಮೊದಲು ಒಂದು ಹಲಗೆ ತೆಗೆದುಕೊಳ್ಳಿ. ಹಿಚ್ಚಿನ ಮೂರು ಕೊಕ್ಕೆಗಳ ಜಾಗವನ್ನು ಅದರ ಮೇಲೆ ಗುರುತು ಮಾಡಿ, ಮೂರು ತೂತು ಕೊರೆಯಿರಿ. ಕೊಕ್ಕೆಯ ಅಗಲವನ್ನೂ ಬರೆದುಕೊಳ್ಳಿ. ಈಗ ಹಲಗೆಯನ್ನು ಒಂದೊಂದು ಉಪಕರಣದ ಮುಂದೆ ಹಿಡಿದು ನೋಡಿ. ಯಾವುದು ಎಷ್ಟು ತಪ್ಪಿದೆ ಅಂತ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಹಿಚ್ ಇನ್ನೂ ತಂದಿಲ್ಲವಾದರೆ ಇನ್ನೂ ಒಳ್ಳೆಯದು. ಅಂಗಡಿಯಲ್ಲೇ ಅಳತೆ ತೆಗೆದುಕೊಂಡು ಬಂದು ಮನೆಯಲ್ಲಿ ಹಲಗೆ ಮಾಡಿಕೊಳ್ಳಿ.

ಅಳತೆ ಎಷ್ಟಿರುತ್ತದೆ? ಸಣ್ಣ ಟ್ರ್ಯಾಕ್ಟರಿನ, ಕೆಟಗರಿ 1 ಅನ್ನುವ ಅಳತೆಯ ಹಿಚ್ ತೆಗೆದುಕೊಳ್ಳೋಣ. ಕೆಳಗಿನ ಪಿನ್‌ಗಳ ನಡುಗೆರೆಯಿಂದ ಮೇಲಿನ ಪಿನ್ನಿನ ನಡುವಿಗೆ ಸಾಮಾನ್ಯವಾಗಿ 15 ಇಂಚು, ಅಂದರೆ 381 ಮಿಲಿಮೀಟರ್. ಉಪಕರಣದ ಕೆಳಗಿನ ಪಿನ್ 22 ಮಿಲಿಮೀಟರ್ ದಪ್ಪ, ಮೇಲಿನದು 19. ಆದರೆ ಕೊಕ್ಕೆಯ ಬಾಯಿ ಇದಕ್ಕಿಂತ ದೊಡ್ಡದು. ಕೆಳಗೆ ಸುಮಾರು 36.5, ಮೇಲೆ ಸುಮಾರು 32. ಸುಮ್ನೆ ಹಾಗೇ ಕೂರಿಸಿದರೆ ಪಿನ್ ಒಳಗೆ ಲಟಲಟ ಆಡುತ್ತದೆ, ಬೇಗ ಸವೆಯುತ್ತದೆ. ಆ ಸಂದು ತುಂಬಲಿಕ್ಕೇ ಬುಶ್, ಅಂದರೆ ಪಿನ್ನಿನ ಮೇಲೆ ತೊಡಿಸುವ ಕೊಳವೆ.

ಬುಶ್ ಹಾಕುವುದು ಸುಲಭ. ಆದರೆ ಒಂದು ಕಡೆ ಎಲ್ಲರೂ ಎಡವುತ್ತಾರೆ. ಬುಶ್ ಹಾಕಿದ ಮೇಲೆ ಲಿಂಚ್ ಪಿನ್ನಿನ, ಅಂದರೆ ದೊಡ್ಡ ಪಿನ್ನಿನ ತುದಿಗೆ ಸಿಕ್ಕಿಸುವ ಸಣ್ಣ ಪಿನ್ನಿನ, ತೂತು ಮುಚ್ಚಿಹೋಗುತ್ತದೆ. ಆಗ ಕೆಲವರು ಲಿಂಚ್ ಪಿನ್ ಬಿಟ್ಟೇ ಕೆಲಸಕ್ಕೆ ಇಳಿಯುತ್ತಾರೆ. ಬೇಡ. ಬುಶ್ ಜಾರಿ ಹೊರಗೆ ಬರುತ್ತದೆ. ಉಪಕರಣಕ್ಕೇ ಉದ್ದದ ದೊಡ್ಡ ಪಿನ್ ಹಾಕಿಸಿ, ಅಷ್ಟೇ.

ಎರಡು ಪಿನ್‌ಗಳ ನಡುವಿನ ಅಂತರ ಕಡಿಮೆ ಇದ್ದರೆ ಉಪಕರಣ ಕೊಕ್ಕೆಗಳ ಮಧ್ಯೆ ಅತ್ತಿತ್ತ ಸರಿದಾಡುತ್ತದೆ. ಪೈಪಿನ ತುಂಡನ್ನೋ ದಪ್ಪ ವಾಷರನ್ನೋ ಕೊಟ್ಟರೆ ಸಾಕು. ಜಾಸ್ತಿ ಇದ್ದರೆ ಕೊಕ್ಕೆ ನೇರವಾಗಿ ಪಟ್ಟಿಯ ಕೆಳಗೆ ಬರುತ್ತದೆ. ಅದಕ್ಕೆ ಪಿನ್ನಿನ ಪಟ್ಟಿಯನ್ನೇ ಒಳಕ್ಕೆ ಸರಿಸಬೇಕು.

[ದೃಶ್ಯ: ರೋಟಾವೇಟರಿನ ಮೇಲಿನ ಎರಡು ಪಟ್ಟಿಗಳು, ಹತ್ತಿರದಿಂದ. ನಡುವೆ ಪಿನ್. ಪಿನ್ನಿನ ಕೆಳಗೆ ಬೆರಳು ತೂರಿಸಿ ತೋರಿಸುವುದು.]

ಈಗ ನಿಜವಾದ ತಲೆನೋವಿಗೆ ಬರೋಣ, ಮೇಲಿನ ಪಿನ್. ಈ ಎರಡು ಪಟ್ಟಿಗಳ ನಡುವಿನ ಜಾಗ ನೋಡಿ. ಟಾಪ್ ಲಿಂಕಿನ ಗುಂಡು ಕೂರುವಷ್ಟಿದೆ. ಕೊಕ್ಕೆ ಅದಕ್ಕಿಂತ ದಪ್ಪ. ಆ 'ಠಣ್' ಬಂದದ್ದು ಇಲ್ಲಿಂದಲೇ. ಇನ್ನೊಂದು ವಿಷಯ. ಕೊಕ್ಕೆ ಬರುವುದು ಕೆಳಗಿನಿಂದ. ಹಾಗಾಗಿ ಪಿನ್ನಿನ ಕೆಳಗೂ ಖಾಲಿ ಇರಬೇಕು. ಬೋಲ್ಟು, ಅಡ್ಡಪಟ್ಟಿ, ಗೇರ್‌ಬಾಕ್ಸಿನ ಮುಚ್ಚಳ, ಏನೇ ಅಡ್ಡ ಇದ್ದರೂ ಕೊಕ್ಕೆ ಮೇಲೇರುವುದಿಲ್ಲ.

ಎತ್ತರ ತಪ್ಪಿದರೆ? ಪಿನ್ 15 ಇಂಚಿಗಿಂತ ಮೇಲಿದ್ದರೆ ಕೆಳಗಿನ ಎರಡು ಕೂತುಬಿಡುತ್ತವೆ, ಮೇಲಿನ ಕೊಕ್ಕೆ ಪಿನ್ನಿಗೆ ಮುಟ್ಟುವುದೇ ಇಲ್ಲ. ಉಪಕರಣ ಎರಡೇ ಕೊಂಡಿಯಲ್ಲಿ ಜೋತಾಡುತ್ತದೆ. ಪಿನ್ ಕೆಳಗಿದ್ದರೆ ಅಪಾಯ ಜಾಸ್ತಿ. ಮೇಲಿನ ಕೊಕ್ಕೆ ಮೊದಲೇ ಸಿಕ್ಕಿಕೊಂಡು ಉಪಕರಣವನ್ನು ಎತ್ತಲು ಶುರು ಮಾಡುತ್ತದೆ. ಕೆಳಗಿನ ಪಿನ್‌ಗಳು ಕೊಕ್ಕೆಯ ತಳಕ್ಕೆ ಇಳಿದಿರುವುದಿಲ್ಲ, ಬೀಗ ಬಿದ್ದಿರುವುದಿಲ್ಲ. ಸೀಟಿನಲ್ಲಿ ಕೂತವನಿಗೆ ಎಲ್ಲ ಸರಿ ಇದ್ದ ಹಾಗೇ ಕಾಣುತ್ತದೆ. ಗದ್ದೆಯ ಬದು ದಾಟುವಾಗ ಕಳಚಿ ಬೀಳುತ್ತದೆ.

ಕೆಲವು ಹಿಚ್‌ಗಳಲ್ಲಿ ಮೇಲಿನ ಕೊಕ್ಕೆಯನ್ನು ಮೇಲೆ ಕೆಳಗೆ ಸರಿಸಿ ಬೋಲ್ಟ್ ಹಾಕಬಹುದು. ಆದರೆ ಉಪಕರಣ ಬದಲಾದಾಗಲೆಲ್ಲ ಸ್ಪ್ಯಾನರ್ ಹಿಡಿಯುವುದಾದರೆ 'ಕ್ವಿಕ್' ಅನ್ನುವುದಕ್ಕೆ ಅರ್ಥ ಏನು, ಅಲ್ವಾ? ನನ್ನ ಮಟ್ಟಿಗೆ, ಉಪಕರಣಗಳನ್ನು ಒಂದೇ ಅಳತೆಗೆ ತರುವುದೇ ಸರಿ.

ಪಟ್ಟಿ ಅಗಲವಾಗಿದ್ದರೆ ಹೊಸ ತೂತು ಕೊರೆಯಿರಿ. ತೂತಿನ ನಡುವಿನಿಂದ ಪಟ್ಟಿಯ ಅಂಚಿಗೆ ಪಿನ್ನಿನ ದಪ್ಪದ ಒಂದೂವರೆ ಪಟ್ಟಾದರೂ ಕಬ್ಬಿಣ ಉಳಿಯಬೇಕು. ಎರಡು ಪಟ್ಟಿದ್ದರೆ ನೆಮ್ಮದಿ. ಅಷ್ಟು ಜಾಗ ಇಲ್ಲದಿದ್ದರೆ, ಅಥವಾ ಪಟ್ಟಿಗಳ ಸಂದು ಕಿರಿದಾಗಿದ್ದರೆ, ಹೊರಗಿನಿಂದ ಎರಡು ಹೊಸ ದಪ್ಪ ಪಟ್ಟಿ ಕೂರಿಸಿ ಅದರಲ್ಲಿ ಪಿನ್ ಹಾಕಿ. ಪಿನ್ ಎರಡೂ ಕಡೆ ಆಧಾರದ ಮೇಲೆ ನಿಲ್ಲಬೇಕು, ಒಂದೇ ಕಡೆ ಹಿಡಿದ ಪಿನ್ ಬಾಗುತ್ತದೆ.

ನಾನು ಮಾಡಿದ ಒಂದು ಎಡವಟ್ಟು ಹೇಳುತ್ತೇನೆ, ನಗಬೇಡಿ. ಕಲ್ಟಿವೇಟರಿಗೆ 15 ಇಂಚು ಅಳೆದು ತೂತು ಕೊರೆದೆ. ಕೂರಲಿಲ್ಲ. ಮತ್ತೆ ಅಳೆದರೆ 15 ಸರಿಯಾಗಿಯೇ ಇದೆ. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು, ನಾನು ಟೇಪು ಇಟ್ಟದ್ದು ಕೆಳಗಿನ ಪಿನ್ನಿನ ನೆತ್ತಿಯ ಮೇಲೆ, ನಡುವಿಗೆ ಅಲ್ಲ. ಪಿನ್ನಿನ ಅರ್ಧ ದಪ್ಪ, 11 ಮಿಲಿಮೀಟರ್, ಹೋಯಿತು. ಆ ಪಟ್ಟಿಯಲ್ಲಿ ಈಗಲೂ ಒಂದಕ್ಕೊಂದು ಅಂಟಿಕೊಂಡ ಎರಡು ತೂತಿನ ಗುರುತಿದೆ. ಹಳೆಯದನ್ನು ವೆಲ್ಡ್ ತುಂಬಿ ಮುಚ್ಚಿದೆ.

ವೆಲ್ಡಿಂಗ್ ಅಂದಾಗ ನೆನಪಾಯಿತು. ಉಪಕರಣವನ್ನು ಟ್ರ್ಯಾಕ್ಟರಿನಿಂದ ಬಿಚ್ಚಿಟ್ಟೇ ವೆಲ್ಡ್ ಮಾಡಿ. ಅರ್ತ್ ಕ್ಲ್ಯಾಂಪನ್ನು ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಕಚ್ಚಿಸಿ. ದೂರ ಕಚ್ಚಿಸಿದರೆ ಕರೆಂಟು ರೋಟಾವೇಟರಿನ ಬೇರಿಂಗ್ ಮೂಲಕ ಹರಿದು ಅದನ್ನು ಹಾಳು ಮಾಡಬಹುದು.

[ದೃಶ್ಯ: ಪಿಟಿಒ ಶಾಫ್ಟ್. ಒಳಗಿನ ಕೊಳವೆಯ ಮೇಲೆ ಸೀಮೆಸುಣ್ಣದ ಗೆರೆ.]

ಕೂತಿತು ಅಂದುಕೊಳ್ಳಿ. ಈಗ ಪಿಟಿಒ ಶಾಫ್ಟ್ ನೋಡಿ, ಅಂದರೆ ಇಂಜಿನ್ನಿನ ಶಕ್ತಿಯನ್ನು ಉಪಕರಣಕ್ಕೆ ದಾಟಿಸುವ ತಿರುಗುವ ದಂಡ. ಹಿಚ್ ಹಾಕಿದ್ದರಿಂದ ಉಪಕರಣ ಸುಮಾರು 4 ಇಂಚು ಹಿಂದಕ್ಕೆ ಹೋಗಿದೆ. ಶಾಫ್ಟಿನ ಎರಡು ಕೊಳವೆಗಳು ಅಷ್ಟೇ ಬಿಚ್ಚಿಕೊಂಡಿವೆ. ಹಿಚ್ ಹಾಕುವ ಮೊದಲೊಮ್ಮೆ, ಹಾಕಿದ ಮೇಲೊಮ್ಮೆ ಒಳಕೊಳವೆಯ ಮೇಲೆ ಗೆರೆ ಎಳೆಯಿರಿ, ಎಷ್ಟು ಹೊರಗೆ ಬಂತು ಅಂತ ಕಣ್ಣಿಗೇ ಕಾಣುತ್ತದೆ. ಒಂದರೊಳಗೊಂದು ಉಳಿದಿರುವ ಭಾಗ ಕಡಿಮೆಯಾದರೆ, ನಿಮಿಷಕ್ಕೆ 540 ಸುತ್ತು ತಿರುಗುವಾಗ ಶಾಫ್ಟ್ ಅದುರುತ್ತದೆ, ಕಳಚಿಯೂ ಹೋಗಬಹುದು. ಆಗ ಉದ್ದದ ಶಾಫ್ಟೇ ಬೇಕು. ಅದನ್ನು ಹಾಕಿಸಿಕೊಂಡ ಮೇಲೆ ಮತ್ಯಾವಾಗಲೋ ಹಿಚ್ ಇಲ್ಲದೆ ಅದೇ ಶಾಫ್ಟ್ ಹಾಕಬೇಡಿ. ಉಪಕರಣ ಎತ್ತುವಾಗ ಶಾಫ್ಟ್ ತಳ ಮುಟ್ಟಿ ಗೇರ್‌ಬಾಕ್ಸನ್ನು ಗುದ್ದುತ್ತದೆ. ಮತ್ತೆ ನೆನಪಿರಲಿ, ಶಾಫ್ಟ್ ಕೂರಿಸಲು ಸೀಟಿನಿಂದ ಇಳಿಯಲೇಬೇಕು. ಇಂಜಿನ್ ಆಫ್ ಮಾಡಿಯೇ ಇಳಿಯಿರಿ.

ಆ 4 ಇಂಚು ತೂಕದ ಲೆಕ್ಕದಲ್ಲೂ ಬರುತ್ತದೆ. ಭಾರ ಹಿಂದಕ್ಕೆ ಹೋದಷ್ಟೂ ಮುಂದಿನ ಚಕ್ರ ಹಗುರಾಗುತ್ತದೆ. ಹಿಚ್ಚಿನ ಸ್ವಂತ ತೂಕ ಬೇರೆ. ಮೊದಲೇ ಏದುಸಿರು ಬಿಟ್ಟು ಎತ್ತುತ್ತಿದ್ದ ಟ್ರ್ಯಾಕ್ಟರಾದರೆ ಮುಂದೆ ತೂಕದ ಕಲ್ಲು ಹಾಕಲೇಬೇಕಾಗಬಹುದು.

ಹುಲ್ಲು, ಪೊದೆ ಕತ್ತರಿಸುವ ಸ್ಲ್ಯಾಶರ್ ಇರುವವರಿಗೆ ಒಂದು ಮಾತು. ಅದರ ಮೇಲಿನ ಪಟ್ಟಿ ಬೇಕೆಂದೇ ಸಡಿಲವಾಗಿರುತ್ತದೆ. ಹಿಂದಿನ ಚಕ್ರ ನೆಲದ ಏರಿಳಿತದ ಜೊತೆ ಹೋಗಲಿ ಅಂತ. ಕೊಕ್ಕೆಗೆ ಸಿಗುತ್ತಿಲ್ಲ ಅಂತ ಅದನ್ನು ವೆಲ್ಡ್ ಮಾಡಿ ಗಟ್ಟಿ ಮಾಡಿಬಿಡಬೇಡಿ. ಕಟ್ಟುವಾಗ ಮಾತ್ರ ಒಂದು ರಬ್ಬರ್ ಹಗ್ಗದಿಂದ ನೆಟ್ಟಗೆ ನಿಲ್ಲಿಸಿದರೆ ಆಯಿತು.

[ದೃಶ್ಯ: ರೋಟಾವೇಟರ್ ಅದರದೇ ಸ್ಟ್ಯಾಂಡಿನ ಮೇಲೆ ನಿಂತಿದೆ. ಟ್ರ್ಯಾಕ್ಟರ್ ಹಿಂದಕ್ಕೆ ಬರುತ್ತದೆ. ಈ ಸಲ 'ಠಣ್' ಇಲ್ಲ, 'ಟಕ್ ಟಕ್'.]

ಸ್ಟ್ಯಾಂಡ್ ಗಮನಿಸಿದಿರಾ? ಉಪಕರಣವನ್ನು ಮಣ್ಣಿನಲ್ಲಿ ಒಂದು ಪಕ್ಕಕ್ಕೆ ವಾಲಿಸಿ ಬಿಟ್ಟರೆ ಅಳತೆ ಎಷ್ಟು ಸರಿ ಇದ್ದರೂ ಕೊಕ್ಕೆ ಪಿನ್ನಿನ ಕೆಳಗೆ ಹೋಗುವುದಿಲ್ಲ. ಎರಡೂ ಕಡೆ ಒಂದೇ ಎತ್ತರಕ್ಕೆ ನಿಲ್ಲುವ ಹಾಗೆ ಮಟ್ಟದ ಜಾಗದಲ್ಲಿ ಬಿಡಿ.

ಮೊದಲ ಸಲ ಎತ್ತುವಾಗ ಒಂದು ಗೇಣು ಮಾತ್ರ ಎತ್ತಿ, ಹಾಗೇ ಹಿಂದಿರುಗಿ ನೋಡಿ. ಕೆಳಗಿನ ಕೊಕ್ಕೆಗಳಿಗೆ ಬೀಗ ಹಾಕುವ ಎರಡೂ ಲಿವರ್ ಪೂರ್ತಿ ಬಿದ್ದಿದೆಯಾ? ಒಂದು ಅರ್ಧಕ್ಕೇ ನಿಂತಿದ್ದರೆ ಪಿನ್ ಇನ್ನೂ ತಳಕ್ಕೆ ಇಳಿದಿಲ್ಲ. ಉಪಕರಣವನ್ನು ನೆಲಕ್ಕೆ ಇಳಿಸಿ, ಇಂಜಿನ್ ಆಫ್ ಮಾಡಿ, ಹಲಗೆ ಹಿಡಿದು ಮತ್ತೊಮ್ಮೆ ಅಳೆಯಿರಿ. ನಡುವಿನಿಂದ ನಡುವಿಗೆ.