ಎಂಬಿಎ ಸೀಟು: ಐಟಿಯವರ ಗುಂಪಲ್ಲಿ ನಿಮ್ಮ ಅರ್ಜಿ ಎದ್ದು ಕಾಣೋದು ಹೇಗೆ?

[ದೃಶ್ಯ: ಬನ್ನೇರುಘಟ್ಟ ರಸ್ತೆ, ಐಐಎಂ ಬೆಂಗಳೂರಿನ ಗೇಟು]

ನಮಸ್ಕಾರ. ಬಿಇ ಮುಗಿಸಿ, ಎಲೆಕ್ಟ್ರಾನಿಕ್ ಸಿಟಿಲೋ ವೈಟ್‌ಫೀಲ್ಡಲ್ಲೋ ಎರಡು-ಮೂರು ವರ್ಷ ದುಡಿದು, ಈಗ ಎಂಬಿಎ ಮಾಡ್ಬೇಕು ಅಂತಿದೀರಾ? ನಿಮ್ಮಂಥವರು ನಮ್ಮೂರಲ್ಲಿ ತುಂಬಾ ಜನ ಇದಾರೆ. ಹಾಗಂತ ಕೊನೇ ಗಳಿಗೇಲಿ ಎನ್‌ಜಿಒ ಸರ್ಟಿಫಿಕೇಟ್ ಹುಡುಕ್ಕೊಂಡು ಹೋಗ್ಬೇಡಿ. ಹೇಳ್ಕೊಳ್ಳೋ ವಿಷಯ ನಿಮ್ಮ ಕೆಲಸದಲ್ಲೇ ಇದೆ.

ಅಂಕದ ಮಾತು ಬೇಗ ಮುಗಿಸ್ತೀನಿ. ಕ್ಯಾಟ್ ಅಂದ್ರೆ ಐಐಎಂಗಳ ಎಂಬಿಎ ಪ್ರವೇಶ ಪರೀಕ್ಷೆ: 2 ಗಂಟೆ, 3 ವಿಭಾಗ, ಒಂದೊಂದಕ್ಕೆ 40 ನಿಮಿಷ. ಐಐಎಂ ಬೆಂಗಳೂರು ಇದರ ಜೊತೆಗೆ ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಅಂಕಗಳನ್ನೂ ಕೆಲಸದ ಅನುಭವವನ್ನೂ ನೋಡುತ್ತೆ. ಹಳೇ ಅಂಕ ಬದಲಾಗಲ್ಲ, ಕೊರಗಬೇಡಿ. ಅಲ್ಲಿ ಇನ್ನೂ ನಿಮ್ಮ ಕೈಲಿರೋದು ಕ್ಯಾಟ್, ಬರವಣಿಗೆ ಪರೀಕ್ಷೆ, ಇಂಟರ್‌ವ್ಯೂ. ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್‌ಗೆ (ಐಎಸ್‌ಬಿ) ಹಾಕೋರಿಗೆ ಪ್ರಬಂಧಾನೂ ಇರುತ್ತೆ.

[ಪರದೆ ಮೇಲೆ: "ಐದು ಜನರ ತಂಡ ಮುನ್ನಡೆಸಿ ದಕ್ಷತೆ ಹೆಚ್ಚಿಸಿದೆ."]

ಈ ವಾಕ್ಯ ಯಾರದ್ದು ಬೇಕಾದ್ರೂ ಆಗಬಹುದು. ಈಗ ಇದನ್ನ ಬರೆದ ಹುಡುಗಿ ಅದರ ಬದಲು ಹೀಗೆ ಬರೆದಳು ಅಂದ್ಕೊಳ್ಳಿ:

[ಪರದೆ ಮೇಲೆ, ನಿಧಾನವಾಗಿ]
"ನೈಟ್ ಶಿಫ್ಟಲ್ಲಿ ಒಂದೇ ಬಿಲ್ಲಿಂಗ್ ದೂರು ಪದೇ ಪದೇ ಬರ್ತಿತ್ತು. ಟಿಕೆಟ್ (ದೂರಿನ ದಾಖಲೆ) ಬೇಗ ಕ್ಲೋಸ್ ಮಾಡಿ ಅಂತ ಮೇಲಿಂದ ಒತ್ತಡ. ನಾನು ಮೂರು ತಿಂಗಳ ಟಿಕೆಟ್ ತೆಗೆದು ತೋರಿಸಿ, ಮೂಲ ದೋಷ ಸರಿಮಾಡೋಕೆ ಎರಡು ವಾರ ಕೇಳಿದೆ. ಆ ತಿಂಗಳು ನಮ್ಮ ಟಾರ್ಗೆಟ್ ತಪ್ಪಿತು. ಮುಂದಿನ ತಿಂಗಳಿಂದ ಆ ದೂರು ನಿಂತಿತು."

"ಟಾರ್ಗೆಟ್ ತಪ್ಪಿತು" ಅನ್ನೋ ಸಾಲನ್ನ ದಯವಿಟ್ಟು ಅಳಿಸಬೇಡಿ! ಬಹಳ ಜನ ಭಯಪಟ್ಟು ತೆಗೆದುಬಿಡ್ತಾರೆ. ನನ್ನ ಪ್ರಕಾರ ಇಡೀ ಅರ್ಜಿಗೆ ತೂಕ ಬರೋದೇ ಅಲ್ಲಿ. ಏನು ಕಳ್ಕೊಂಡು ಏನು ಗಳಿಸಿದ್ರಿ, ಯಾಕೆ ಹಾಗೆ ತೀರ್ಮಾನ ಮಾಡಿದ್ರಿ ಅನ್ನೋದು ಅದರಿಂದಲೇ ಗೊತ್ತಾಗೋದು. ಇಂಟರ್‌ವ್ಯೂನಲ್ಲಿ ಪ್ರಶ್ನೆ ಮೇಲೆ ಪ್ರಶ್ನೆ ಬಂದ್ರೂ ನಿಮಗೆ ಉತ್ತರ ಇರುತ್ತೆ, ಯಾಕಂದ್ರೆ ಅದು ನಡೆದದ್ದು.

ಚಿಕ್ಕಪೇಟೆಲಿ ಅಪ್ಪನ ಸೀರೆ ಅಂಗಡಿ ನೋಡ್ಕೊಂಡವರೇ, ಸಾಲದ ಲೆಕ್ಕ ವಸೂಲಿ ಮಾಡಿದ್ದೂ ಅನುಭವವೇ. ಧೈರ್ಯವಾಗಿ ಬರೀರಿ.

ಇನ್ನು ಶಿಫಾರಸು ಪತ್ರ. ನಿಮ್ಮ ಮುಖವನ್ನೇ ಸರಿಯಾಗಿ ನೋಡಿರದ ಡೈರೆಕ್ಟರ್ ಹಿಂದೆ ಅಲೀಬೇಡಿ. ಟಾರ್ಗೆಟ್ ತಪ್ಪಿದಾಗ ಜೊತೆಗಿದ್ದ ಮ್ಯಾನೇಜರನ್ನ ಕೇಳಿ, ಅದೂ ಡೆಡ್‌ಲೈನ್‌ಗೆ ಒಂದು ತಿಂಗಳು ಮುಂಚೆ.