ಸಾರಾ ಪಾಲಿ: ಸೆಟ್ಟಿನಲ್ಲಿ ಬೆಳೆದ ಹುಡುಗಿ

ಕೇಳುಗರಿಗೆ ನಮಸ್ಕಾರ.

ತೆರೆಯ ಮೇಲೆ ಒಂದು ಮಗು ಹೆದರಿ ಅಳುತ್ತಿದ್ದರೆ ನಾವು ಏನನ್ನುತ್ತೇವೆ? "ಅಬ್ಬಾ, ಎಷ್ಟು ಚೆನ್ನಾಗಿ ಮಾಡಿದೆ ನೋಡಿ" ಅನ್ನುತ್ತೇವೆ. ಆ ಮಗು ನಿಜಕ್ಕೂ ಹೆದರಿತ್ತಾ ಅಂತ ಯಾರೂ ಕೇಳುವುದಿಲ್ಲ. ಟಿಕೆಟ್ ಕೊಟ್ಟು ಬಂದಿದ್ದೇವೆ, ನಟನೆ ಅಂದುಕೊಳ್ಳುತ್ತೇವೆ, ಅಷ್ಟೇ. ಈ ಪ್ರಶ್ನೆಯನ್ನು ತನ್ನ ವಿಷಯದಲ್ಲಿ ತಾನೇ ಕೇಳಿಕೊಂಡ ಒಬ್ಬ ನಟಿ ಇದ್ದಾರೆ. ಉತ್ತರ ಸರಿಯಾಗಿ ಸಿಗಲು ಅವರಿಗೆ ಮೂವತ್ತು ವರ್ಷಕ್ಕಿಂತ ಜಾಸ್ತಿಯೇ ಹಿಡಿಯಿತು. ಕೆನಡಾದ ಸಾರಾ ಪಾಲಿ. ಇವತ್ತಿನ ಮಾತು ಅವರ ಬಗ್ಗೆ.

ಸಾರಾ ಹುಟ್ಟಿದ್ದು 1979ರ ಜನವರಿ 8ರಂದು, ಟೊರಾಂಟೊದಲ್ಲಿ. ತಾಯಿ ಡಯಾನ್ ನಟಿ. ಸಿನಿಮಾಗಳಿಗೆ ಕಲಾವಿದರನ್ನು ಆರಿಸುವ ಕಾಸ್ಟಿಂಗ್ ಕೆಲಸವನ್ನೂ ಮಾಡುತ್ತಿದ್ದರು. ತಂದೆ ಮೈಕಲ್ ಇಂಗ್ಲೆಂಡಿನಿಂದ ಬಂದ ನಟ. ಸಂಸಾರ ಬೆಳೆದ ಮೇಲೆ ನಾಟಕ ಬಿಟ್ಟು ವಿಮೆ ಕಂಪನಿ ಸೇರಿದರು. ಡಯಾನ್ ಅವರ ಐದು ಮಕ್ಕಳಲ್ಲಿ ಸಾರಾ ಕೊನೆಯವಳು. ಇಂಥ ಮನೆಯಲ್ಲಿ ಮಗು ಕ್ಯಾಮೆರಾ ಮುಂದೆ ಹೋಗಿದ್ದು ಆಶ್ಚರ್ಯವೇನಲ್ಲ. 1985ರಲ್ಲಿ ಡಿಸ್ನಿಯ 'ಒನ್ ಮ್ಯಾಜಿಕ್ ಕ್ರಿಸ್‌ಮಸ್' ತೆರೆಕಂಡಾಗ ಅವಳಿಗೆ ಆರು ವರ್ಷ. 1988ರಲ್ಲಿ 'ರಮೋನಾ' ಅನ್ನುವ ಟಿವಿ ಸರಣಿಯಲ್ಲಿ ಅವಳದೇ ಮುಖ್ಯ ಪಾತ್ರ.

ಅದೇ ಹೊತ್ತಿಗೆ ಇನ್ನೊಂದು ಚಿತ್ರ ಬಂತು. ಅಲ್ಲಿ ಸ್ವಲ್ಪ ನಿಲ್ಲಬೇಕು.

ಮಾಂಟಿ ಪೈಥಾನ್ ಹಾಸ್ಯ ತಂಡದ ಟೆರಿ ಗಿಲಿಯಮ್ ನಿರ್ದೇಶಿಸಿದ 'ದಿ ಅಡ್ವೆಂಚರ್ಸ್ ಆಫ್ ಬ್ಯಾರನ್ ಮಂಚಾಸನ್'. ಸುಳ್ಳಿನ ಸರದಾರನಂಥ ಒಬ್ಬ ಮುದುಕ, ಅವನ ಬೆನ್ನು ಹತ್ತಿ ಹೋಗುವ ಸ್ಯಾಲಿ ಅನ್ನುವ ಪುಟ್ಟ ಹುಡುಗಿ. ಸ್ಯಾಲಿಯ ಪಾತ್ರ ಸಾರಾಳಿಗೆ. ಚಿತ್ರೀಕರಣ ನಡೆದಿದ್ದು ರೋಮ್‌ನ ಚಿನೆಚಿತ್ತಾ ಸ್ಟುಡಿಯೋದಲ್ಲಿ ಮತ್ತು ಸ್ಪೇನ್‌ನಲ್ಲಿ. ಹುಡುಗಿಗೆ ಆಗ ಎಂಟೊಂಬತ್ತು ವರ್ಷ. ಬಜೆಟ್ ಕೈಮೀರಿ ಹೋಗಿತ್ತು, ಎಲ್ಲರಿಗೂ ಅವಸರ.

ಒಂದು ದೃಶ್ಯದಲ್ಲಿ ಸ್ಯಾಲಿ ಯುದ್ಧಭೂಮಿಯ ನಡುವೆ ಓಡಬೇಕು. ಅಕ್ಕಪಕ್ಕ ಮದ್ದು ಸಿಡಿಯಬೇಕು. ಹುಡುಗಿಯ ಕಿವಿಗೆ ಹತ್ತಿ ಇಟ್ಟರು, ಎಲ್ಲಿಂದ ಎಲ್ಲಿಗೆ ಓಡಬೇಕು ಅಂತ ತೋರಿಸಿದರು. ಮದ್ದು ಸಿಡಿದಾಗ ಆ ಸದ್ದು, ಆ ಅವಶೇಷ, ಅದು ಸಿಡಿದ ಜಾಗ, ಯಾವುದೂ ಅವಳು ಅಂದುಕೊಂಡ ಹಾಗಿರಲಿಲ್ಲ. ಅವಳು ಅಳುತ್ತಾ ನೇರ ಕ್ಯಾಮೆರಾದ ಕಡೆಗೇ ಓಡಿಬಿಟ್ಟಳು. ಶಾಟ್ ಹಾಳಾಯಿತು. ಹಾಳಾದ ಮೇಲೆ ಏನು ಮಾಡುತ್ತಾರೆ? ಇನ್ನೊಂದು ಟೇಕ್. ಇಷ್ಟೇ ಅಲ್ಲ, ತಣ್ಣೀರಿನ ತೊಟ್ಟಿಯಲ್ಲಿ ಗಂಟೆಗಟ್ಟಲೆ ಇರಬೇಕಾಗಿ ಬಂದ ದಿನಗಳೂ ಇದ್ದವು.

ಅಪ್ಪ ಅಮ್ಮ ಅಲ್ಲಿರಲಿಲ್ಲವೇ? ಇದ್ದರು. ಆದರೆ ಅವರು ಗಿಲಿಯಮ್ ಅಂದರೆ ಪ್ರಾಣ ಬಿಡುವ ಅಭಿಮಾನಿಗಳು. ಅದರಲ್ಲೂ ತಂದೆಗೆ ಮಾಂಟಿ ಪೈಥಾನ್ ಹುಚ್ಚು. ಅಷ್ಟು ದೊಡ್ಡ ಪ್ರತಿಭಾವಂತನ ಸೆಟ್ಟಿನಲ್ಲಿ "ಸ್ವಾಮಿ, ನಿಲ್ಲಿಸಿ, ನಮ್ಮ ಮಗು ಹೆದರಿದೆ" ಅನ್ನುವುದಕ್ಕೆ ಅವರಿಗೆ ಬಾಯಿ ಬರಲಿಲ್ಲ.

2005ರಲ್ಲಿ, ಗಿಲಿಯಮ್ ಇನ್ನೊಬ್ಬ ಪುಟ್ಟ ಹುಡುಗಿಯನ್ನು ಹಾಕಿಕೊಂಡು ಸಿನಿಮಾ ಮಾಡುತ್ತಿದ್ದಾರೆ ಅಂತ ಸಾರಾಗೆ ಗೊತ್ತಾಯಿತು. ಆ ಹುಡುಗಿಯೂ ಕೆನಡಾದವಳೇ. ಸಾರಾ ಗಿಲಿಯಮ್‌ಗೆ ಇಮೇಲ್ ಬರೆದರು. ನನಗಾದ ಹೆದರಿಕೆ ಅವಳಿಗೆ ಆಗದಿರಲಿ ಅನ್ನುವುದು ಪತ್ರದ ತಿರುಳು. ಗಿಲಿಯಮ್ ಉತ್ತರವನ್ನೂ ಬರೆದರು. ನಿನಗೆ ಅಪಾಯ ಅನ್ನಿಸಿರಬಹುದು, ಆದರೆ ಎಲ್ಲ ನಮ್ಮ ಹಿಡಿತದಲ್ಲೇ ಇತ್ತು ಅನ್ನುವ ಧಾಟಿ ಅವರದು. ಈ ಪತ್ರಗಳು ಟೊರಾಂಟೊದ ಪತ್ರಿಕೆಯಲ್ಲಿ ಅಚ್ಚಾದವು ಕೂಡ.

2022ರಲ್ಲಿ ಬಂದ ತಮ್ಮ ಪ್ರಬಂಧಗಳ ಪುಸ್ತಕದಲ್ಲಿ ಸಾರಾ ಇದೇ ವಿಷಯಕ್ಕೆ ಮತ್ತೆ ಬರುತ್ತಾರೆ. ಆ ಹೊತ್ತಿಗೆ ಅವರು ಮೂರು ಮಕ್ಕಳ ತಾಯಿ. ತಮ್ಮ ಹಳೆಯ ಪತ್ರವನ್ನೇ ಓದಿ ಅವರಿಗೆ ಬೇಸರವಾಯಿತಂತೆ. ಎಷ್ಟು ನಯವಾಗಿ ಬರೆದಿದ್ದೆ, ತಪ್ಪನ್ನೆಲ್ಲ ಅಪ್ಪ ಅಮ್ಮನ ಮೇಲೆ ಹಾಕಿ ದೊಡ್ಡ ನಿರ್ದೇಶಕರನ್ನು ಎಷ್ಟು ಸುಲಭವಾಗಿ ಬಿಟ್ಟುಬಿಟ್ಟಿದ್ದೆ ಅಂತ. ಪ್ರತಿಭಾವಂತ ಅಂದಕೂಡಲೇ ಎಲ್ಲ ಮಾಫಿ ಮಾಡುವ ಅಭ್ಯಾಸ ನಮ್ಮೆಲ್ಲರದೂ ಹೌದು, ಅಲ್ವಾ? ಆ ಚಿತ್ರ ನನಗೂ ಇಷ್ಟ. ಈಗಲೂ ಇಷ್ಟವೇ. ಆದರೆ ಸ್ಯಾಲಿ ಓಡುವ ಆ ದೃಶ್ಯವನ್ನು ಮಾತ್ರ ಮೊದಲಿನ ಹಾಗೆ ನೋಡಲು ಆಗುವುದಿಲ್ಲ.

ಮುಂದೆ ಬಂದಿದ್ದು 'ರೋಡ್ ಟು ಅವನ್‌ಲೀ'. ಕೆನಡಾದ ಸರ್ಕಾರಿ ವಾಹಿನಿ ಸಿಬಿಸಿಯಲ್ಲಿ 1990ರ ಜನವರಿಯಲ್ಲಿ ಶುರುವಾಗಿ ಏಳು ಸೀಸನ್ ನಡೆದ ಧಾರಾವಾಹಿ. ಪ್ರಿನ್ಸ್ ಎಡ್ವರ್ಡ್ ದ್ವೀಪದ ಹಳ್ಳಿ, ಇಪ್ಪತ್ತನೇ ಶತಮಾನದ ಆರಂಭದ ದಿನಗಳು. ಎಲ್. ಎಂ. ಮಾಂಟ್‌ಗೊಮರಿ ಬರೆದ ಕತೆಗಳ ಆಧಾರ. ಸಾರಾ ಪಾಲಿಯ ಪಾತ್ರದ ಹೆಸರೂ ಸಾರಾ, ಸಾರಾ ಸ್ಟ್ಯಾನ್ಲಿ. ತಾಯಿ ಇಲ್ಲದ ಹುಡುಗಿ. ಅಮೆರಿಕದಲ್ಲಿ ಡಿಸ್ನಿ ಚಾನೆಲ್ ಇದನ್ನು ತೋರಿಸಿತು. ಹುಡುಗಿ ಮನೆಮಾತಾದಳು. ಕೆನಡಾದವರು ಅವಳನ್ನು ತಮ್ಮ ಮನೆಮಗಳು ಅಂತಲೇ ಕರೆದರು.

ಧಾರಾವಾಹಿ ಶುರುವಾದ ಆ ಜನವರಿಯಲ್ಲೇ ಡಯಾನ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಸಾರಾಗೆ ಹನ್ನೊಂದು ತುಂಬಿ ಕೆಲವೇ ದಿನಗಳಾಗಿದ್ದವು. ತೆರೆಯ ಮೇಲೆ ತಾಯಿ ಇಲ್ಲದ ಹುಡುಗಿ, ಮನೆಗೆ ಬಂದರೂ ತಾಯಿ ಇಲ್ಲ. ಆದರೂ ಕೆಲಸ ನಿಲ್ಲಲಿಲ್ಲ. ಮಗು ದುಡಿಯುವ ಕಡೆ ಮಗುವಿನ ದುಃಖಕ್ಕೂ ಕಾಲ್‌ಶೀಟ್ ನೋಡಿಯೇ ಸಮಯ ಸಿಗಬೇಕು.

ಈ ಹುಡುಗಿ ಸುಮ್ನೆ ಹೇಳಿದ್ದನ್ನು ಕೇಳಿಕೊಂಡಿರುವ ಜಾತಿಯೂ ಅಲ್ಲ. ಕೊಲ್ಲಿ ಯುದ್ಧದ ದಿನಗಳಲ್ಲಿ, ಹನ್ನೆರಡರ ಪ್ರಾಯದಲ್ಲಿ, ಪ್ರಶಸ್ತಿ ಸಮಾರಂಭವೊಂದಕ್ಕೆ ಶಾಂತಿಯ ಗುರುತು ಧರಿಸಿ ಹೋದಳು. ಡಿಸ್ನಿಯವರು ತೆಗೆ ಅಂದರು, ಇವಳು ತೆಗೆಯಲಿಲ್ಲ. ಆಮೇಲೆ ಸಂಬಂಧ ಹಳಸಿತು ಎಂದು ಹೇಳುತ್ತಾರೆ. ಹದಿಹರೆಯದಲ್ಲೇ ಮನೆ ಬಿಟ್ಟು ಬೇರೆ ಇರತೊಡಗಿದರು. ಶಾಲೆಯನ್ನೂ ಬಿಟ್ಟರು. 1995ರಲ್ಲಿ ಒಂಟಾರಿಯೋ ಪ್ರಾಂತ್ಯದ ಸರ್ಕಾರದ ವಿರುದ್ಧ ಶಾಸನಸಭೆಯ ಮುಂದೆ ನಡೆದ ಪ್ರತಿಭಟನೆಯಲ್ಲಿ ಪೊಲೀಸರ ಏಟು ಬಿದ್ದು ಹಲ್ಲು ಕಳೆದುಕೊಂಡರು.

ಅದಕ್ಕೂ ಹಿಂದಿನ ವರ್ಷ, 1994ರಲ್ಲಿ, ಒಂಟಾರಿಯೋದ ಸ್ಟ್ರಾಟ್‌ಫರ್ಡ್ ನಾಟಕೋತ್ಸವದಲ್ಲಿ ಅವರದು ಆಲಿಸ್ ಪಾತ್ರ, ಕನ್ನಡಿಯೊಳಗೆ ಹೋಗುವ ಅದೇ ಆಲಿಸ್. ವಯಸ್ಸು ಹದಿನೈದು. ಬೆನ್ನುಮೂಳೆ ಸೊಟ್ಟಗಾಗುವ ಸ್ಕೋಲಿಯೋಸಿಸ್ ಅನ್ನುವ ತೊಂದರೆ ಅವರಿಗೆ ಮೊದಲೇ ಇತ್ತು. ಸಾಲದ್ದಕ್ಕೆ ರಂಗದ ಮೇಲೆ ಹೋಗುವುದೆಂದರೆ ವಿಪರೀತ ಭಯ ಶುರುವಾಯಿತು. ಭಯ ಅಂತ ಹೇಳಿದರೆ ಯಾರು ಬಿಡುತ್ತಾರೆ? ಬೆನ್ನು ನೋವು ಅಂದರೆ ಬಿಡುತ್ತಾರೆ. ಹಾಗೆ ಬೆನ್ನನ್ನೇ ನೆಪ ಮಾಡಿಕೊಂಡು ನಾಟಕದಿಂದ ಹೊರಬಂದು ಶಸ್ತ್ರಚಿಕಿತ್ಸೆಗೆ ಮಲಗಿದರು. ಇದನ್ನು ಅವರೇ ಬರೆದುಕೊಂಡಿದ್ದಾರೆ. ರಂಗದ ಮೇಲೆ ಹೋಗುವುದಕ್ಕಿಂತ ಬೆನ್ನು ಕೊಯ್ಯಿಸಿಕೊಳ್ಳುವುದು ಹಗುರ ಅನ್ನಿಸಿತ್ತು ಅಂದರೆ ನೋಡಿ!

ಬಾಲನಟಿಯರಲ್ಲಿ ಎಷ್ಟೋ ಜನ ಇಲ್ಲಿಗೇ ಮರೆಯಾಗುತ್ತಾರೆ. ಸಾರಾ ಮರೆಯಾಗಲಿಲ್ಲ. ಅದಕ್ಕೆ ಮುಖ್ಯ ಕಾರಣ ಆಟಮ್ ಎಗೋಯನ್ ಅನ್ನುವ ಕೆನಡಾದ ನಿರ್ದೇಶಕ, ಮತ್ತು 1997ರ 'ದಿ ಸ್ವೀಟ್ ಹಿಯರ್‌ಆಫ್ಟರ್'. ಹಿಮ ಬೀಳುವ ಊರು, ಶಾಲಾ ಬಸ್ಸು ಕೆರೆಗೆ ಜಾರಿ ಊರಿನ ಮಕ್ಕಳು ಸತ್ತಿದ್ದಾರೆ. ಪರಿಹಾರ ಕೊಡಿಸುತ್ತೇನೆ ಅಂತ ವಕೀಲ ಬಂದಿದ್ದಾನೆ. ಬದುಕಿ ಉಳಿದವರಲ್ಲಿ ನಿಕೋಲ್ ಒಬ್ಬಳು. ಗಾಲಿಕುರ್ಚಿಯಲ್ಲಿದ್ದಾಳೆ. ಅವಳನ್ನು ಲೈಂಗಿಕವಾಗಿ ಬಳಸಿಕೊಂಡ ತಂದೆ ಈಗ ಅವಳ ಪಕ್ಕದಲ್ಲೇ ಕೂತಿದ್ದಾನೆ, ಪರಿಹಾರದ ಹಣದ ಆಸೆಯಿಂದ. ಪ್ರಮಾಣ ಮಾಡಿ ಹೇಳಿಕೆ ಕೊಡುವಾಗ ನಿಕೋಲ್ ತಣ್ಣಗೆ ಒಂದು ಸುಳ್ಳು ಹೇಳುತ್ತಾಳೆ. ಬಸ್ಸು ಜೋರಾಗಿ ಹೋಗುತ್ತಿತ್ತು ಅನ್ನುತ್ತಾಳೆ. ಆ ಒಂದು ಮಾತಿಗೆ ಇಡೀ ಮೊಕದ್ದಮೆ ಕುಸಿಯುತ್ತದೆ. ದನಿ ಏರುವುದಿಲ್ಲ, ಕಣ್ಣೀರಿಲ್ಲ. ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ. ತಂದೆಗೆ ಮಾತ್ರ ಅರ್ಥವಾಗುತ್ತದೆ, ಇದು ತನಗೆ ಬಿದ್ದ ಏಟು ಅಂತ. ನನ್ನನ್ನು ಕೇಳಿದರೆ, ನಟಿಯಾಗಿ ಸಾರಾ ಮಾಡಿದ ಅತ್ಯುತ್ತಮ ಕೆಲಸ ಅದೇ. ಚಿತ್ರದಲ್ಲಿ ಹಾಡಿದ್ದೂ ಅವರೇ. ಆ ವರ್ಷ ಕಾನ್ ಚಿತ್ರೋತ್ಸವದಲ್ಲಿ ಅದಕ್ಕೆ ಗ್ರಾಂಡ್ ಪ್ರಿ ಬಂತು.

ಹಾಲಿವುಡ್ ಕರೆಯಿತು. 'ಆಲ್‌ಮೋಸ್ಟ್ ಫೇಮಸ್' ಚಿತ್ರದ ಪೆನ್ನಿ ಲೇನ್ ಪಾತ್ರ ಕೈಗೆ ಬಂದಿತ್ತು. ಬೇಡ ಅಂತ ಹಿಂದೆ ಸರಿದರು. ಆ ಪಾತ್ರ ಮಾಡಿದ ಕೇಟ್ ಹಡ್ಸನ್ ಆಸ್ಕರ್‌ಗೆ ನಾಮನಿರ್ದೇಶನಗೊಂಡು ದೊಡ್ಡ ತಾರೆಯಾದರು. 2003ರಲ್ಲಿ ಸ್ಪೇನ್‌ನ ಇಸಬೆಲ್ ಕೋಯಿಶೆಟ್ ನಿರ್ದೇಶನದ 'ಮೈ ಲೈಫ್ ವಿದೌಟ್ ಮೀ', 2004ರಲ್ಲಿ ಸತ್ತವರು ಎದ್ದು ಅಟ್ಟಿಸಿಕೊಂಡು ಬರುವ 'ಡಾನ್ ಆಫ್ ದಿ ಡೆಡ್', ಹೀಗೆ ಚಿತ್ರಗಳು ಬರುತ್ತಲೇ ಇದ್ದವು. ಆದರೆ ಮನಸ್ಸು ಆಗಲೇ ಕ್ಯಾಮೆರಾದ ಹಿಂದಕ್ಕೆ ಹೋಗಿತ್ತು.

ಐಸ್‌ಲ್ಯಾಂಡ್‌ನಲ್ಲಿ ಒಂದು ಶೂಟಿಂಗ್ ಮುಗಿಸಿ ವಿಮಾನದಲ್ಲಿ ವಾಪಸ್ ಬರುವಾಗ ಸಾರಾ ಕೆನಡಾದ ಕತೆಗಾರ್ತಿ ಆಲಿಸ್ ಮನ್ರೋ ಅವರ ಒಂದು ಕತೆ ಓದಿದರು. ಮರೆವಿನ ಕಾಯಿಲೆಗೆ ಸಿಕ್ಕ ಹೆಂಡತಿ, ಅವಳನ್ನು ಆರೈಕೆ ಕೇಂದ್ರಕ್ಕೆ ಬಿಟ್ಟು ಬರುವ ಗಂಡ, ಇಬ್ಬರೂ ಮುದುಕರು. ಓದುತ್ತಿರುವಾಗಲೇ ಹೆಂಡತಿಯ ಜಾಗದಲ್ಲಿ ನಟಿ ಜೂಲಿ ಕ್ರಿಸ್ಟಿಯ ಮುಖ ಕಂಡಿತಂತೆ. ಆ ಶೂಟಿಂಗ್‌ನಲ್ಲಿ ಜೊತೆಗಿದ್ದವರೇ ಜೂಲಿ. ಅವರು ಸುಲಭಕ್ಕೆ ಒಪ್ಪಲಿಲ್ಲ, ಸಾರಾ ಬಿಡಲೂ ಇಲ್ಲ. 2006ರಲ್ಲಿ 'ಅವೇ ಫ್ರಮ್ ಹರ್' ಬಂದಾಗ ನಿರ್ದೇಶಕಿಗೆ ಇಪ್ಪತ್ತೇಳು ವರ್ಷ. ಅಷ್ಟು ಚಿಕ್ಕ ವಯಸ್ಸಿನಲ್ಲಿ ಅಷ್ಟು ಹಳೆಯ ದಾಂಪತ್ಯದ ಚಿತ್ರ! ಜೂಲಿ ಕ್ರಿಸ್ಟಿಗೆ ನಟನೆಗಾಗಿ, ಸಾರಾಗೆ ಚಿತ್ರಕತೆಗಾಗಿ ಆಸ್ಕರ್ ನಾಮನಿರ್ದೇಶನ ಸಿಕ್ಕಿತು.

ಇನ್ನು 2012ರ ಸಾಕ್ಷ್ಯಚಿತ್ರ, 'ಸ್ಟೋರೀಸ್ ವಿ ಟೆಲ್'. ಸಾರಾ ಅಪ್ಪನ ಹಾಗೆ ಕಾಣುವುದಿಲ್ಲ ಅನ್ನುವುದು ಅವರ ಮನೆಯಲ್ಲಿ ಹಳೆಯ ತಮಾಷೆ. ಅದು ತಮಾಷೆಯಲ್ಲ, ನಿಜ ಅಂತ ಆಮೇಲೆ ಗೊತ್ತಾಯಿತು. ಸಾರಾ ಹುಟ್ಟುವ ಮೊದಲು ಡಯಾನ್ ನಾಟಕಕ್ಕಾಗಿ ಮಾಂಟ್ರಿಯಲ್‌ಗೆ ಹೋಗಿದ್ದರು. ಅಲ್ಲಿನ ನಿರ್ಮಾಪಕ ಹ್ಯಾರಿ ಗಲ್ಕಿನ್ ಅವರೇ ಸಾರಾಗೆ ಜನ್ಮ ಕೊಟ್ಟ ತಂದೆ. ಈ ಕತೆಯನ್ನು ಸಾರಾ ತಾವೊಬ್ಬರೇ ಹೇಳುವುದಿಲ್ಲ. ಅಣ್ಣ, ಅಕ್ಕ, ಅಮ್ಮನ ಗೆಳತಿಯರು, ಇಬ್ಬರೂ ಅಪ್ಪಂದಿರು, ಎಲ್ಲರನ್ನೂ ಕೂರಿಸಿ ಹೇಳಿಸುತ್ತಾರೆ. ನಡುನಡುವೆ ಬರುವ ಹಳೆಯ ಹೋಮ್ ಮೂವಿಗಳಲ್ಲಿ ಎಷ್ಟೋ ಭಾಗ ನಟರನ್ನಿಟ್ಟು ತೆಗೆದದ್ದು. ಅದು ಗೊತ್ತಾಗುವ ಹೊತ್ತಿಗೆ ಚಿತ್ರ ಮುಗಿಯುತ್ತಾ ಬಂದಿರುತ್ತದೆ.

ಆ ಚಿತ್ರದಲ್ಲಿ ರೇಡಿಯೋ ಮಂದಿಗೆ ಬಹಳ ಹತ್ತಿರವಾದ ಒಂದು ಸನ್ನಿವೇಶ ಇದೆ. ಸಾಕಿದ ಅಪ್ಪ ಮೈಕಲ್ ಇದನ್ನೆಲ್ಲ ತಮ್ಮದೇ ಮಾತಿನಲ್ಲಿ ಬರೆದಿದ್ದಾರೆ. ಕಾಗದ ಹಿಡಿದು ಮೆಟ್ಟಿಲು ಹತ್ತಿ ರೆಕಾರ್ಡಿಂಗ್ ಸ್ಟುಡಿಯೋಗೆ ಬರುತ್ತಾರೆ. ಮೈಕ್ ಮುಂದೆ ಕೂತು ಓದುತ್ತಾರೆ. ತನ್ನ ಹೆಂಡತಿ ಇನ್ನೊಬ್ಬರನ್ನು ಪ್ರೀತಿಸಿದ ಕತೆ ಅದು. ಆಚೆ ಕಡೆಯಿಂದ ಮಗಳು ತಡೆಯುತ್ತಾಳೆ. ಅಪ್ಪಾ, ಆ ಸಾಲು ಇನ್ನೊಮ್ಮೆ ಓದುತ್ತೀರಾ? ಅಪ್ಪ ಹಿಂದಕ್ಕೆ ಹೋಗಿ ಮತ್ತೆ ಓದುತ್ತಾರೆ. ಇಲ್ಲಿ ನಿರ್ದೇಶಕಿ ತನ್ನನ್ನೂ ಬಿಟ್ಟಿಲ್ಲ. ನೋವಿನ ಮಾತಿಗೂ ಎರಡನೇ ಟೇಕ್ ಕೇಳುವವರ ಸಾಲಿನಲ್ಲಿ ತಾನೂ ನಿಂತಿದ್ದೇನೆ ಅನ್ನುವುದನ್ನು ಕತ್ತರಿಸದೆ ಚಿತ್ರದಲ್ಲೇ ಇಟ್ಟಿದ್ದಾರೆ.

2015ರಲ್ಲಿ ಸಮುದಾಯ ಕೇಂದ್ರವೊಂದರಲ್ಲಿ ಕಳೆದುಹೋದ ವಸ್ತುಗಳ ಪೆಟ್ಟಿಗೆಯಲ್ಲಿ ಏನನ್ನೋ ಹುಡುಕಲು ಬಗ್ಗಿದಾಗ ಗೋಡೆಯ ಮೇಲಿದ್ದ ಬೆಂಕಿ ನಂದಿಸುವ ಸಿಲಿಂಡರ್ ಸಾರಾ ಅವರ ತಲೆಯ ಮೇಲೆ ಬಿತ್ತು. ಬೆಳಕು, ಸದ್ದು, ಜನ, ಯಾವುದೂ ಸಹಿಸಲು ಆಗದ ಸ್ಥಿತಿ ವರ್ಷಗಟ್ಟಲೆ ಮುಂದುವರಿಯಿತು. ಕೊನೆಗೆ ಪಿಟ್ಸ್‌ಬರ್ಗ್‌ನ ತಜ್ಞರು ಕತ್ತಲೆ ಕೋಣೆಯಿಂದ ಎದ್ದು, ಯಾವುದಕ್ಕೆ ಹೆದರುತ್ತಿದ್ದೀರೋ ಅದನ್ನೇ ಮಾಡಿ ಅಂದರು. ಗುಣ ಕಂಡಿದ್ದು ಅದರಿಂದ.

ಆಮೇಲೆ ಬಂದ ಚಿತ್ರ 2022ರ 'ವಿಮೆನ್ ಟಾಕಿಂಗ್'. ಮಿರಿಯಮ್ ಟೇವ್ಸ್ ಅವರ ಕಾದಂಬರಿ ಆಧಾರ. ಕಟ್ಟುನಿಟ್ಟಿನ ಧಾರ್ಮಿಕ ಹಳ್ಳಿಯೊಂದರ ಹೆಂಗಸರು, ಗಂಡಸರಿಂದ ಅತ್ಯಾಚಾರಕ್ಕೊಳಗಾದವರು, ಅಟ್ಟದ ಮೇಲೆ ಸೇರಿ ಇಲ್ಲೇ ಇರುವುದೋ, ಹೋರಾಡುವುದೋ, ಬಿಟ್ಟು ಹೋಗುವುದೋ ಅಂತ ಚರ್ಚಿಸುತ್ತಾರೆ. ಸಾರಾ ಈ ಕೆಲಸ ಒಪ್ಪುವಾಗಲೇ ಮಾತಾಡಿಕೊಂಡಿದ್ದರು: ಮನೆಯಲ್ಲಿ ಮೂರು ಮಕ್ಕಳಿವೆ, ದಿನಕ್ಕೆ ಹದಿನಾರು ಗಂಟೆ ಸೆಟ್ಟಿನಲ್ಲಿ ಇರಲು ಆಗುವುದಿಲ್ಲ. ನಿರ್ಮಾಪಕಿಯರಾದ ಫ್ರಾನ್ಸಿಸ್ ಮೆಕ್‌ಡಾರ್ಮಂಡ್ ಮತ್ತು ಡೀಡಿ ಗಾರ್ಡ್‌ನರ್ ಒಪ್ಪಿದರು. ಕೆಲಸದ ದಿನ ಚಿಕ್ಕದಾಯಿತು. ಹೊತ್ತಿಗೆ ಸರಿಯಾಗಿ ಮನೆ ಸೇರುವ ಭಾಗ್ಯ ನಿರ್ದೇಶಕಿಗೆ ಮಾತ್ರ ಅಲ್ಲ, ಲೈಟ್ ಹೊರುವವರಿಗೂ ಸಿಕ್ಕಿತು. ದೃಶ್ಯಗಳು ಯಾರ ಮನಸ್ಸನ್ನಾದರೂ ಕಲಕಿದರೆ ಮಾತಾಡಲು ಸೆಟ್ಟಿನಲ್ಲೇ ಒಬ್ಬ ಥೆರಪಿಸ್ಟ್ ಇದ್ದರು. ಇಷ್ಟೆಲ್ಲ ಮಾಡಿದರೆ ಒಳ್ಳೆ ಸಿನಿಮಾ ಆಗುತ್ತಾ ಅನ್ನುವವರಿಗೆ 2023ರ ಮಾರ್ಚ್‌ನಲ್ಲಿ ಉತ್ತರ ಸಿಕ್ಕಿತು. ರೂಪಾಂತರಿತ ಚಿತ್ರಕತೆಯ ಆಸ್ಕರ್ ಸಾರಾ ಪಾಲಿಗೆ ಬಂತು.

ಮುಂದಿನ ತಿಂಗಳು ಏಪ್ರಿಲ್ ಒಂದನೇ ತಾರೀಖು ಅವರ ಕೈಗೆ ಒಂದು ಪತ್ರ ಬಂತು. ನಿಮಗೆ ಆಸ್ಕರ್ ತಪ್ಪಾಗಿ ಕೊಟ್ಟಿದ್ದೇವೆ, ಇನ್ನೊಂದು ವಾರ ಇಟ್ಟುಕೊಂಡು ವಾಪಸ್ ಪೋಸ್ಟ್ ಮಾಡಿ ಅಂತ. ಬರೆದಿದ್ದು ಅವರ ಹನ್ನೊಂದು ವರ್ಷದ ಮಗು. ಸಾರಾ ಅದನ್ನು ಎಲ್ಲರೂ ಓದಲಿ ಅಂತ ಟ್ವಿಟರ್‌ನಲ್ಲಿ ಹಾಕಿದರು.

ಬಹಳ ವರ್ಷಗಳಿಂದ ನಟನೆ ಬಿಟ್ಟಿದ್ದ ಅವರು 2025ರಲ್ಲಿ 'ದಿ ಸ್ಟುಡಿಯೋ' ಅನ್ನುವ ಹಾಸ್ಯ ಸರಣಿಯ ಒಂದು ಕಂತಿನಲ್ಲಿ ಮತ್ತೆ ಕಾಣಿಸಿಕೊಂಡರು. ಸರಣಿ ಮಾಡಿದವರಲ್ಲಿ ಒಬ್ಬರು ಕೆನಡಾದವರೇ ಆದ ಸೇತ್ ರೋಗನ್. ಹಿಂದೆ ಸಾರಾ ನಿರ್ದೇಶಿಸಿದ್ದ 'ಟೇಕ್ ದಿಸ್ ವಾಲ್ಟ್ಸ್' ಚಿತ್ರದಲ್ಲಿ ನಟಿಸಿದ್ದವರು. ಇಲ್ಲಿ ಸಾರಾ ಪಾಲಿಯ ಪಾತ್ರ ಸಾರಾ ಪಾಲಿಯೇ. ಸೂರ್ಯ ಮುಳುಗುವುದರೊಳಗೆ ಒಂದೇ ಉದ್ದ ಶಾಟ್ ತೆಗೆಯಲು ಒದ್ದಾಡುತ್ತಿರುವ ನಿರ್ದೇಶಕಿ. ರೋಗನ್ ಸ್ಟುಡಿಯೋದ ಮುಖ್ಯಸ್ಥ. ಸುಮ್ನೆ ನೋಡಿಕೊಂಡು ಹೋಗುತ್ತೇನೆ ಅಂತ ಬಂದು ಟೇಕ್ ಮೇಲೆ ಟೇಕ್ ಹಾಳು ಮಾಡುತ್ತಾನೆ. ದುಡ್ಡು ಕೊಡುವ ದಣಿ, ಏನೂ ಅನ್ನುವ ಹಾಗಿಲ್ಲ. ಹಲ್ಲು ಕಚ್ಚಿಕೊಂಡು ನಗುತ್ತಾ, ನಯವಾಗಿ ಮಾತಾಡುತ್ತಾ ಇದ್ದ ಸಾರಾ ಕೊನೆಗೆ ಅವನ ಮೇಲೆ ರೇಗುತ್ತಾರೆ ನೋಡಿ, ನಗು ತಡೆಯಲು ಆಗುವುದಿಲ್ಲ. ಸಿಕ್ಕರೆ ಆ ಕಂತನ್ನು ನೋಡಿ.

ನಮಸ್ಕಾರ.