ಎಂಪಿಎಚ್ ಅರ್ಜಿಗೆ ಮುಂಚೆ ಒಂದು ಲೈನ್ ಮನೆಗೆ ಹೋಗಿ ಬನ್ನಿ

ಕೇಳುಗರಿಗೆ ನಮಸ್ಕಾರ. ಡಿಗ್ರಿ ಮುಗಿಸಿ ಎಂಪಿಎಚ್, ಅಂದರೆ ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ, ಮಾಡಬೇಕು ಅಂತಿರುವ ಕೊಡಗಿನ ಹುಡುಗ ಹುಡುಗಿಯರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ಅಕ್ಕಾ, ಈ ಓದು ಯಾಕೆ ಬೇಕು ಅಂತ ಅರ್ಜಿ ಜೊತೆ ಬರೆದು ಕೊಡುವ ಆ ಒಂದೆರಡು ಪುಟದ ಸ್ಟೇಟ್‌ಮೆಂಟ್‌ನಲ್ಲಿ ಏನು ಬರೆಯೋದು?

ನಾನು ಮೊದಲ ಸಲ ಬರೆದದ್ದು "ಚಿಕ್ಕಂದಿನಿಂದಲೂ ಜನಸೇವೆ ನನ್ನ ಕನಸು" ಅಂತ. ಸಂದರ್ಶನದಲ್ಲಿ ಒಬ್ಬರು ಮೇಡಂ ಅದನ್ನು ಓದಿ, "ಯಾವ ಜನ? ಅವರಿಗೆ ಏನು ತೊಂದರೆ?" ಅಂದರು. ನನಗೆ ಮಾತೇ ಬರಲಿಲ್ಲ. ಸೀಟೂ ಸಿಗಲಿಲ್ಲ.

ಆ ವರ್ಷ ಕಕ್ಕಡದ ಮಳೆಯಲ್ಲಿ, ಸಿದ್ದಾಪುರದ ಹತ್ತಿರ ಒಂದು ತೋಟದ ಲೈನ್ ಮನೆಗಳಿಗೆ, ಅಂದರೆ ಕೂಲಿ ಕೆಲಸದವರು ಇರುವ ಸಾಲು ಮನೆಗಳಿಗೆ, ಆಶಾ ಕಾರ್ಯಕರ್ತೆಯೊಬ್ಬರ ಜೊತೆ ಹೋಗಿದ್ದೆ. ಮಕ್ಕಳಿಗೆ ಭೇದಿ ಹಿಡಿದಿತ್ತು. ನೀರು ಕುದಿಸಿ ಆರಿಸಿ ಕುಡಿಯಿರಿ ಅನ್ನುವ ಪೋಸ್ಟರ್ ಗೋಡೆ ಮೇಲೇ ಇತ್ತು. ಯಾಕಮ್ಮ ಕುದಿಸ್ತಿಲ್ಲ ಅಂತ ಒಬ್ಬ ತಾಯಿಯನ್ನು ಕೇಳಿದೆ. ಅವರು ಒಳಗೆ ಕರೆದು ಒಲೆ ತೋರಿಸಿದರು. ಸೌದೆಯೆಲ್ಲ ಒದ್ದೆ, ಊದಿದಷ್ಟೂ ಹೊಗೆ, ಮೂಲೆಯಲ್ಲಿ ಮಗು ಕೆಮ್ಮುತ್ತಾ ಕೂತಿತ್ತು. "ಅನ್ನ ಬೇಯೋಕೇ ಒಂದು ಗಂಟೆ ಹಿಡಿಯುತ್ತೆ. ನೀರು ಯಾವಾಗ ಕುದಿಸಲಿ ಅಕ್ಕಾ, ಬೆಳಿಗ್ಗೆ ಕೆಲಸಕ್ಕೆ ಓಡಬೇಕು" ಅಂದರು. ಅವರಿಗೆ ತಿಳುವಳಿಕೆ ಇತ್ತು. ಸೌದೆ ಒಣಗಿಸಿಡೋಕೆ ಒಂದು ಮಾಡು ಇರಲಿಲ್ಲ, ಅಷ್ಟೇ.

ಎರಡನೇ ಸಲ ಅದನ್ನೇ ಬರೆದೆ. ಆ ಲೈನ್ ಮನೆಗಳ ಸಾಲಿನಲ್ಲಿ ಎಷ್ಟು ಮನೆ, ಎಷ್ಟು ಮನೆಯಲ್ಲಿ ಒಣ ಸೌದೆ ಇದೆ, ನೀರು ಎಲ್ಲಿಂದ ಬರುತ್ತೆ, ಇಷ್ಟೇ. ಮಗುವಿಗೆ ಓಆರ್‌ಎಸ್ ಕೊಟ್ಟು ಉಳಿಸುವುದು ದೊಡ್ಡ ಕೆಲಸ, ಆದರೆ ಇಡೀ ಸಾಲಿನ ಮಕ್ಕಳಿಗೆ ಪ್ರತಿ ಮಳೆಗಾಲ ಯಾಕೆ ಹೀಗಾಗುತ್ತೆ ಅಂತ ಹುಡುಕುವುದು ನಮ್ಮ ಓದು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ನಿಮ್ಮಲ್ಲಿ ಎಷ್ಟೋ ಜನ ಪರಿಹಾರ ಕೇಂದ್ರಗಳಲ್ಲಿ ದುಡಿದಿದ್ದೀರಿ, ಅಲ್ವಾ? ಸುಮ್ನೆ "ಸ್ವಯಂಸೇವಕನಾಗಿದ್ದೆ" ಅಂತ ಬರೆದು ಬಿಡಬೇಡಿ. ಎಷ್ಟು ಜನಕ್ಕೆ ಎಷ್ಟು ಶೌಚಾಲಯ ಇತ್ತು, ಬಿಪಿ ಮಾತ್ರೆ ಮನೆಯಲ್ಲೇ ಬಿಟ್ಟು ಬಂದ ಅಜ್ಜಂದಿರು ಏನು ಮಾಡಿದರು, ನೀವು ಕಂಡದ್ದು ಅದಲ್ವಾ, ಅದನ್ನು ಬರೆಯಿರಿ.

ಡಾಕ್ಟರೇ ಆಗಿರಬೇಕು ಅಂತ ಎಲ್ಲ ಕಡೆ ಇಲ್ಲ. ನರ್ಸಿಂಗ್, ಬಿಡಿಎಸ್, ಆಯುರ್ವೇದ, ಸಮಾಜಕಾರ್ಯ ಓದಿದವರನ್ನೂ ತಗೊಳ್ಳುವ ಸಂಸ್ಥೆಗಳಿವೆ, ನಿಯಮ ಮಾತ್ರ ಒಂದೊಂದು ಕಡೆ ಒಂದೊಂದು ಥರ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಜೆಎಸ್‌ಎಸ್, ಮಣಿಪಾಲ, ಇವು ಹತ್ತಿರದವು. ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರದಲ್ಲಿ ಎಂಪಿಎಚ್ 1997ರಿಂದಲೇ ಇದೆ. ಕಾಸರಗೋಡಿನ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸಿಯುಇಟಿ ಪಿಜಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಈಚಿನ ವರ್ಷಗಳಲ್ಲಿ ಅದರ ಅರ್ಜಿ ಬರುವುದು ಕಾಫಿ ಕೊಯ್ಲಿನ ಹೊತ್ತಿಗೇ, ಮನೆಯವರೆಲ್ಲ ತೋಟದಲ್ಲಿರುವಾಗ, ಹಾಗಾಗಿ ತಾರೀಕು ತಪ್ಪಿಹೋಗುವುದು ಜಾಸ್ತಿ. ಕ್ಯಾಲೆಂಡರಲ್ಲಿ ಈಗಲೇ ಗುರುತು ಹಾಕಿಡಿ.

ಇನ್ನು ಲೆಕ್ಕಕ್ಕೆ ಹೆದರುವವರಿಗೆ ಒಂದು ಮಾತು. ಸ್ಟ್ಯಾಟಿಸ್ಟಿಕ್ಸ್ ಇದ್ದೇ ಇರುತ್ತೆ, ಮೊದಲಿಂದ ಹೇಳಿಕೊಡುತ್ತಾರೆ, ಶೇಕಡಾವಾರು ಮತ್ತು ಅನುಪಾತ ಗಟ್ಟಿ ಮಾಡಿಕೊಂಡು ಹೋದರೆ ಸಾಕು. ಶಿಫಾರಸು ಪತ್ರವನ್ನು ದೊಡ್ಡ ಹುದ್ದೆಯವರ ಹತ್ತಿರ ಬರೆಸಬೇಕು ಅಂತ ಓಡಾಡಬೇಡಿ, ನಿಮ್ಮ ಕೆಲಸ ಕಣ್ಣಾರೆ ನೋಡಿದವರು ಬರೆದರೆ ಅದಕ್ಕೆ ತೂಕ.

ಬರೆದು ಮುಗಿಸಿದ ಮೇಲೆ ಅದನ್ನು ನಿಮ್ಮೂರಿನ ಆಶಾ ಅಕ್ಕನಿಗೆ ಕನ್ನಡದಲ್ಲಿ ಓದಿ ಹೇಳಿ. "ಇಲ್ಲ ಮಗಾ, ಅದು ಹಾಗಲ್ಲ" ಅಂತ ಅವರು ಎಲ್ಲಿ ತಡೆಯುತ್ತಾರೋ, ಆ ಸಾಲನ್ನು ತಿದ್ದಿ ಆಮೇಲೆ ಕಳಿಸಿ. ನಮಸ್ಕಾರ.